ಏರಿ ಮೇಲೆ ನಿಂತ ಗಾಡಿ

ಹೊಳೆನರಸೀಪುರ
18 ಆಗಸ್ಟ್ 2025, ಸೋಮವಾರ

ಪ್ರೀತಿಯ ಮಾವನಿಗೆ,

ನಿಮ್ಮ ಶೋಭಿತಾಳ ನಮಸ್ಕಾರ. ಆರೋಗ್ಯ ಹೇಗಿದೆ? ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟಿ ಒಟ್ಟಿ ನಿಮ್ಮ ಕೆಮ್ಮು ಜಾಸ್ತಿಯಾಗಿದೆಯಂತೆ, ಊಟವೂ ಹೊತ್ತಿಗೆ ಸರಿಯಾಗಿ ಆಗುತ್ತಿಲ್ಲವಂತೆ. ರಾಮನಾಥಪುರದ ಬಸ್ಸಿನ ಕಂಡಕ್ಟರ್ ಶಿವರಾಜು ಹೇಳಿದ. ಅವನ ಕೈಲಿ ಒಂದು ಡಬ್ಬಿ ಹುರಿಗಾಳು, ಒಂದು ಡಬ್ಬಿ ಹುಚ್ಚೆಳ್ಳಿನ ಚಟ್ನಿಪುಡಿ ಕಳಿಸಿದ್ದೇನೆ. ಪುಡಿ ಅಜ್ಜಿ ಕುಟ್ಟಿದ್ದು, ಅಂದ ಮೇಲೆ ಖಾರ ಹೇಳಬೇಕಾಗಿಲ್ಲ. ಕೆಮ್ಮು ನಿಲ್ಲುವ ತನಕ ಮುಟ್ಟಬೇಡಿ. ಮದುವೆಯಾದ ಮೇಲೆ ನಿಮಗೆ ಬಹುವಚನ ಕೊಡಬೇಕೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದು ನೆನಪಿದೆಯಲ್ಲ? ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ ಸೋದರಮಾವನಿಗೆ, ತಾಳಿ ಕಟ್ಟಿದ ಎಂಬ ಒಂದೇ ಕಾರಣಕ್ಕೆ ‘ನೀವು’ ಎನ್ನುವುದು ನನ್ನ ಬಾಯಿಗೆ ಇವತ್ತಿಗೂ ಹೊಂದಿಲ್ಲ. ಇವತ್ತು ಹೇಳಬೇಕಾದದ್ದು ಬಹಳ ಇದೆ, ಮರ್ಯಾದೆ ಹಿಡಿದುಕೊಂಡು ಹೇಳಲು ಆಗುವುದಿಲ್ಲ. ಇಲ್ಲಿಂದ ಮುಂದಕ್ಕೆ ನೀನು ಎಂದೇ ಬರೆಯುತ್ತೇನೆ. ಅಜ್ಜಿಗೆ ಓದು ಬರುವುದಿಲ್ಲ, ಗೊತ್ತಾಗುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ಎತ್ತಿದರೆ ತಾನೇ? ಎತ್ತಿದ ದಿನವೂ “ಊಟ ಆಯ್ತಾ, ಮಗ ಎಂಗದೆ, ಸರಿ ಮಡುಗ್ತೀನಿ” ಎಂಬ ಮೂರು ಮಾತು. ಕಾಗದವಾದರೆ ಮಡುಗಿದರೂ ಮತ್ತೆ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಎಲ್ಲರೂ ಇದ್ದೇವೆ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ಧನ್ಯಾಗೆ ಫಿಟ್ಸ್ ಬಂದು ಇವತ್ತಿಗೆ ನಲವತ್ತೊಂದು ದಿನ ಆಯಿತು. ಅಂದರೆ ನಲವತ್ತೊಂದು ದಿನದಿಂದ ಬಂದಿಲ್ಲ. ಹೊಸ ಮಾತ್ರೆ ಹಿಡಿದಿದೆ. ಐದು ವರ್ಷ ತುಂಬಿದ ಮಗಳು ಈಗ ಗೋಡೆ ಹಿಡಿಯದೆ ಅಡಿಗೆಮನೆಯಿಂದ ಬಾಗಿಲ ತನಕ ನಡೆಯುತ್ತಾಳೆ, ಎರಡೂ ಕೈ ಮೇಲೆತ್ತಿಕೊಂಡು, ಕಾಲು ಅಗಲಿಸಿಕೊಂಡು. ನೀರಿನ ಹುಚ್ಚು ಹೆಚ್ಚಾಗಿದೆ. ಮೊನ್ನೆ ಅಜ್ಜಿ ಮುಖ ತೊಳೆಯಲು ಬಗ್ಗಿದಾಗ ಹಿಂದಿನಿಂದ ಬಂದು ಬಕೆಟ್ ಪೂರಾ ಅಜ್ಜಿಯ ಮೇಲೆ ಬೋರಲು ಹಾಕಿ ನಕ್ಕಿದ್ದೇ ನಕ್ಕಿದ್ದು. ಅಜ್ಜಿಯೂ ನಕ್ಕಿತು. ಆ ನಗು ನಿನಗೆ ಗೊತ್ತಲ್ಲ, ಎದುರಿಗಿದ್ದವರನ್ನು ಬಿಡುವುದಿಲ್ಲ. ಮಾತು ಇನ್ನೂ ಒಂದೂ ಇಲ್ಲ.

ಹೋದ ಬುಧವಾರ ನೀನು ಕೊಟ್ಟ ಲಕೋಟೆಯನ್ನು ಶಿವರಾಜು ತಂದುಕೊಟ್ಟ. ಹದಿನಾಲ್ಕು ತಿಂಗಳಾದ ಮೇಲೆ ಕಾಗದ ಬರೆದಿದ್ದೀಯ ಎಂದು ಆಸೆಯಿಂದ ಬಿಚ್ಚಿದೆ. ಬಿಡುಗಡೆ ಪತ್ರ. ಚನ್ನರಾಯಪಟ್ಟಣದಲ್ಲಿ ನಮ್ಮಪ್ಪ ಛಾಪಾ ಕಾಗದದ ಮೇಲೆ ಟೈಪು ಮಾಡಿಸಿದ್ದು: ನಾವಿಬ್ಬರೂ ಸ್ವಖುಷಿಯಿಂದ ಬೇರೆಯಾಗುತ್ತಿದ್ದೇವೆ, ಇನ್ನು ಮುಂದೆ ಒಬ್ಬರ ಮೇಲೆ ಒಬ್ಬರಿಗೆ ಯಾವ ಹಕ್ಕೂ ಇರತಕ್ಕದ್ದಲ್ಲ. ಕೆಳಗೆ ಎಡಗಡೆ ‘ಮನೋಹರ’ ಎಂದು ನಿನ್ನ ಗುಂಡು ಗುಂಡು ಸಹಿ. ಬಲಗಡೆ ನನಗೆ ಬಿಟ್ಟ ಜಾಗ. ಕೋರ್ಟಿನಲ್ಲಿ ಇಂಥ ಕಾಗದಕ್ಕೆ ಬೆಲೆಯಿಲ್ಲ, ಆದರೆ ಊರಿನವರ ಮುಂದೆ ಇಷ್ಟು ಸಾಕು. ಬರುವ ಭಾನುವಾರ ಅಪ್ಪ ಬಂದು ನನ್ನ ಸಹಿ ತೆಗೆದುಕೊಂಡು ಹೋಗುತ್ತಾರಂತೆ. ಅರಕಲಗೂಡಿನ ಹತ್ತಿರ ಶುಂಠಿ ಬೆಳೆಯುವವನೊಬ್ಬ ಇದ್ದಾನಂತೆ, ಹೆಂಡತಿ ತೀರಿಕೊಂಡಿದ್ದಾಳಂತೆ, ಮುಖ್ಯವಾಗಿ ಅವನು ನಮಗೆ ಯಾವ ರೀತಿಯಲ್ಲೂ ನೆಂಟನಲ್ಲವಂತೆ. ಧನ್ಯಾ ಅಜ್ಜಿಯ ಹತ್ತಿರ ಇರಲಿ ಎಂದರು. ಇದನ್ನೆಲ್ಲ ಕೇಳಿಯೇ ನೀನು ಸಹಿ ಹಾಕಿದೆಯೋ, ಕೇಳದೆ ಹಾಕಿದೆಯೋ ನನಗೆ ತಿಳಿಯದು. ಆ ಕಾಗದದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನೀನು ಯಾಕೆ ಹೋದೆ ಎನ್ನುವುದನ್ನು ನಾನೇ ಬಾಯಿಬಿಟ್ಟು ಹೇಳಬೇಕು.

ನೀನಾಗಿ ಹೋಗಲಿಲ್ಲ, ನಾನು ಕಳಿಸಿದೆ. ಮಗುವಿಗೆ ಎರಡು ವರ್ಷವಿದ್ದಾಗ ಹಾಸನದಲ್ಲಿ ಮೊದಲು ತೋರಿಸಿದ ಡಾಕ್ಟರು “ಸ್ವಂತದಲ್ಲಿ ಮದ್ವೆನಾ?” ಎಂದು ಕೇಳಿದರು. “ಸೋದರಮಾವ ಸಾ” ಎಂದೆ. ಅವರು ತಲೆಯಾಡಿಸಿ, ಚೀಟಿಯಲ್ಲಿ ಅದನ್ನೇ ಬರೆದು ಅಡಿಗೆರೆ ಎಳೆದು ಫೈಲು ಮುಚ್ಚಿದರು. ಅಲ್ಲಿಗೆ ಮುಗಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಎಲ್ಲರೂ ಆ ಅಡಿಗೆರೆಯನ್ನೇ ಹಿಡಿದುಕೊಂಡೆವು. ದಿನಾ ಲ್ಯಾಬಿನಲ್ಲಿ ನೂರು ಜನರ ರಕ್ತ ನೋಡುವವಳು ನಾನು. ಪರೀಕ್ಷೆ ಮಾಡದೆ ರಿಪೋರ್ಟು ಬರೆಯುವವರನ್ನು ಬೈಯುವವಳು ನಾನು. ನನ್ನ ಮಗಳ ವಿಷಯದಲ್ಲಿ ಮಾತ್ರ ಪರೀಕ್ಷೆಯನ್ನೇ ಕೇಳಲಿಲ್ಲ. ಅಜ್ಜಿ ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚಿತು, ಗುಡಿಯ ಗಂಟೆ ಬೋರಲು ಹಿಡಿದು ಅದರಲ್ಲಿ ನೀರು ಹಾಕಿ ಕುಡಿಸಿತು. ನಾನು ಓದಿದವಳು, ಅಷ್ಟೂ ಮಾಡಲಿಲ್ಲ, ಬರೀ ಕೋಪ ಮಾಡಿಕೊಂಡೆ. ಹೋದ ವರ್ಷ ಜೂನ್‌ನಲ್ಲಿ ಒಂದೇ ದಿನ ಮೂರು ಸಲ ಫಿಟ್ಸ್ ಬಂದಾಗ ನಿನ್ನ ಮುಖಕ್ಕೆ ಅಂದೆ: “ನಿನ್ ರಕ್ತನೇ ನನ್ ಮಗೀನ ಆಳು ಮಾಡ್ತು.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ತಟ್ಟೆ ತೊಳೆದಿಟ್ಟು, ಬ್ಯಾರನ್ ಕೆಲಸಕ್ಕೆ ಕರೆದಿದ್ದಾರೆ ಎಂದು ಬೆಳಿಗ್ಗೆ ಹೊರಟೆ. ಇನ್ನೊಂದು ಮಗು ಹೀಗಾಗಬಾರದು, ಅದಕ್ಕೇ ದೂರ ಇದ್ದೀನಿ ಎಂದು ಶಿವರಾಜುವಿನ ಹತ್ತಿರ ಹೇಳಿದೆಯಂತೆ. ಕೇಳಿದ ದಿನ ನನ್ನ ನಾಲಿಗೆಯನ್ನು ಕತ್ತರಿಸಿ ಹಾಕಬೇಕು ಎನಿಸಿತು. ತಪ್ಪಾಯಿತು, ಮಾವ. ಇದನ್ನು ಬರೆಯಲು ಹದಿನಾಲ್ಕು ತಿಂಗಳು ತೆಗೆದುಕೊಂಡದ್ದು ಎರಡನೇ ತಪ್ಪು.

ಈಗ ಹೊಸ ವಿಷಯ. ಜೂನ್‌ನಲ್ಲಿ ರಜೆ ಹಾಕಿ, ಅಜ್ಜಿಯನ್ನೂ ಮಗುವನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿದ್ದೆ. ನಿನಗೆ ಹೇಳಲಿಲ್ಲ, ಏನೂ ಗೊತ್ತಾಗದೆ ವಾಪಸ್ಸು ಬಂದರೆ ಮತ್ತೆ ನಿನ್ನ ತಲೆಗೇ ಬರುತ್ತದೆ ಎಂದು. ಅಲ್ಲಿನ ಆಸ್ಪತ್ರೆಯ ವಂಶದ ಕಾಯಿಲೆಗಳ ವಿಭಾಗದಲ್ಲಿ ಯಶಸ್ವಿನಿ ಎಂಬ ಹುಡುಗಿ ಕೂತು ಮನೆಯವರ ನಕ್ಷೆ ಬರೆಯುತ್ತಾಳೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಮದುವೆಗೆ ಗೆರೆ, ಸ್ವಂತದ ಮದುವೆಗೆ ಜೋಡಿ ಗೆರೆ. ನಮ್ಮ ಮನೆಯದನ್ನು ಮೂರು ಸಲ ಅಳಿಸಿದಳು. ನನ್ನ ಅಮ್ಮ ನನ್ನ ಗಂಡನಿಗೆ ಅಕ್ಕ, ನನ್ನ ಅಜ್ಜಿ ನನಗೆ ಅತ್ತೆ, ಗೆರೆ ಎಲ್ಲಿಂದ ಹೊರಟರೂ ಅಜ್ಜಿಯ ಸೊನ್ನೆಗೇ ಬಂದು ಸುತ್ತಿಕೊಳ್ಳುತ್ತಿತ್ತು. ಕೊನೆಗೆ “ಅಜ್ಜೀ, ನೀವು ಮಗುವಿಗೆ ಏನಾಗಬೇಕು?” ಎಂದು ಅಜ್ಜಿಯನ್ನೇ ಕೇಳಿದಳು. “ಅಪ್ಪನ ಕಡೀಂದ ಅಜ್ಜಿ, ಅವ್ವನ ಕಡೀಂದ ಮುತ್ತಜ್ಜಿ. ಯಾವ್ದು ಬೇಕೋ ಬರ್ಕಳವ್ವ, ಎರಡ್ಕೂ ನಾನೊಬ್ಳೇ ಇರಾದು” ಎಂದಿತು ನಿನ್ನವ್ವ. ಅಷ್ಟರಲ್ಲಿ ಧನ್ಯಾ ಆ ಹುಡುಗಿಯ ಜಡೆ ಹಿಡಿದು ಎಳೆದು ಕೇಕೆ ಹಾಕಿ ನಕ್ಕಳು. ಯಶಸ್ವಿನಿ ಪೆನ್ನು ಕೆಳಗಿಟ್ಟು ಮಗುವನ್ನೇ ನೋಡತೊಡಗಿದಳು. ಅವಳ ನಗು, ನಡೆಯುವಾಗ ಕೈ ಎತ್ತುವ ರೀತಿ, ನೀರಿನ ಹುಚ್ಚು, ಎಲ್ಲವನ್ನೂ ಒಂದೊಂದಾಗಿ ಕೇಳಿದಳು. ನಾವು ಐದು ವರ್ಷ ಬರೀ ಮುದ್ದು ಎಂದುಕೊಂಡದ್ದು ಕಾಯಿಲೆಯ ಗುರುತೂ ಆಗಿತ್ತು.

ಅವತ್ತೇ ಮಗುವಿನ ರಕ್ತ ಪರೀಕ್ಷೆಗೆ ತೆಗೆದುಕೊಂಡರು, ರಿಪೋರ್ಟಿನಲ್ಲಿ ಬಂದ ಹೆಸರು ಏಂಜಲ್‌ಮನ್ ಸಿಂಡ್ರೋಮ್. ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದಂತೆ, ಯಾವ ಜಾತಿ, ಯಾವ ದೇಶ ಎನ್ನದೆ. ಇನ್ನು ಮುಂದಿನದನ್ನು ನಿಧಾನವಾಗಿ ಓದು, ಒಂದು ಸಲಕ್ಕೆ ಅರ್ಥವಾಗದಿದ್ದರೆ ಎರಡು ಸಲ ಓದು. ನಾನೂ ಮೂರು ಸಲ ಹೇಳಿಸಿಕೊಂಡೆ. ಹೆಚ್ಚುಕಡಿಮೆ ಎಲ್ಲ ಜೀನಿಗೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ, ಅವ್ವನಿಂದ ಒಂದು, ಅಪ್ಪನಿಂದ ಒಂದು. ಒಂದು ಕೆಟ್ಟರೆ ಸಾಮಾನ್ಯವಾಗಿ ಇನ್ನೊಂದು ಕೈಹಿಡಿಯುತ್ತದೆ. ಹದಿನೈದನೇ ಕ್ರೋಮೋಸೋಮಿನಲ್ಲಿರುವ ಒಂದು ಜೀನಿಗೆ ಮಾತ್ರ ಮಿದುಳಿನ ನರಗಳಲ್ಲಿ ಬೇರೆಯೇ ಪದ್ಧತಿ. ಅಲ್ಲಿ ಅವ್ವನಿಂದ ಬಂದ ಪ್ರತಿ ಮಾತ್ರ ದುಡಿಯುತ್ತದೆ. ಅಪ್ಪನ ಪ್ರತಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಮಲಗಿರುತ್ತದೆ. ನನ್ನ ತಲೆಯಲ್ಲೂ ಹೀಗೆಯೇ, ನಿನ್ನ ತಲೆಯಲ್ಲೂ, ಅಡಿಗೆರೆ ಎಳೆದ ಡಾಕ್ಟರ ತಲೆಯಲ್ಲೂ ಹೀಗೆಯೇ.

ಮಲಗಿಸುವುದು ಯಾರು ಎಂದರೆ, ಒಂದು ಉದ್ದನೆಯ ಆರ್‌ಎನ್‌ಎ. ಆರ್‌ಎನ್‌ಎ ಎಂದರೆ ಜೀನಿನಿಂದ ನಕಲು ಮಾಡಿಕೊಂಡ ಚೀಟಿ. ಆ ಚೀಟಿ ನೋಡಿ ಕೋಶ ಪ್ರೋಟೀನು ಮಾಡುತ್ತದೆ ಎಂದು ನಮಗೆ ಡಿಪ್ಲೊಮಾದಲ್ಲಿ ಕಲಿಸಿದ್ದರು. ಆದರೆ ಯಾವ ಪ್ರೋಟೀನನ್ನೂ ಮಾಡದ ಉದ್ದುದ್ದ ಚೀಟಿಗಳೂ ಸಾವಿರಾರು ಇವೆಯಂತೆ. ಇವನ್ನು ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುತ್ತಾರೆ. ಮೊದಲು ಕಸ ಎಂದೇ ತಿಳಿದಿದ್ದರು. ಈಗ ನೋಡಿದರೆ ಯಾವ ಜೀನು ಏಳಬೇಕು, ಯಾವುದು ಮಲಗಬೇಕು ಎನ್ನುವ ಯಜಮಾನಿಕೆಯಲ್ಲಿ ಇವಕ್ಕೂ ಪಾಲಿದೆ. ಹೆಂಗಸರ ಎರಡು ಎಕ್ಸ್ ಕ್ರೋಮೋಸೋಮಿನಲ್ಲಿ ಒಂದನ್ನು ಮಲಗಿಸುವುದು ಇಂಥದ್ದೇ ಇನ್ನೊಂದು. ಇವು ಹೆಚ್ಚುಕಡಿಮೆಯಾದದ್ದು ಕೆಲವು ಕ್ಯಾನ್ಸರುಗಳಲ್ಲೂ ಕಾಣುತ್ತದಂತೆ. ನಾನು ಮನೆಯಲ್ಲಿ ಇದನ್ನು ಹೇಳುತ್ತಿದ್ದರೆ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಾ “ತಾನೂ ಏನೂ ಮಾಡ್ದೆ, ಮಾಡೋರ್ಗೂ ಅಡ್ಡ ಕುಂತ್ಕಳೋರು ನಮ್ಮೂರಲ್ಲೂ ಅವ್ರೆ ಬುಡು” ಎಂದಿತು. ಪೂರಾ ಸರಿಯಲ್ಲ, ಆದರೆ ತೀರಾ ತಪ್ಪೂ ಅಲ್ಲ.

ನಿನಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಾಗ ನಮ್ಮೂರ ಕೆರೆ ಏರಿ ನೆನಪಾಯಿತು. ಮಗುವಿಗೆ ಮೊದಲ ಸಲ ಫಿಟ್ಸ್ ಬಂದ ದಿನ ಬೈಕಿನಲ್ಲಿ ಚನ್ನರಾಯಪಟ್ಟಣಕ್ಕೆ ಹೊರಟಿದ್ದೆವಲ್ಲ? ಏರಿಗೆ ಹತ್ತುವಷ್ಟರಲ್ಲಿ ಆ ತುದಿಯಿಂದ ಕಬ್ಬಿನ ಟ್ರ್ಯಾಕ್ಟರು ಹತ್ತಿತು, ಹಿಂದೆ ಎರಡು ಟ್ರೈಲರು. ಏರಿಯ ಮೇಲೆ ಒಂದೇ ಗಾಡಿಯ ದಾರಿ. ನೀನು ಓಡಿಹೋಗಿ ಕೈ ಮುಗಿದೆ. “ಎಲ್ಡು ಟ್ರೈಲರ್ ರಿವರ್ಸ್ ಒಡ್ಯಾಕಾಯ್ತದಾ ಅಣ್ಣ” ಎಂದು ಆ ಡ್ರೈವರೂ ಅಳುಮೋರೆ ಮಾಡಿದ. ನಮ್ಮ ಬೈಕು ಕೆಟ್ಟಿರಲಿಲ್ಲ, ಪೆಟ್ರೋಲು ಮುಗಿದಿರಲಿಲ್ಲ, ನಿನಗೆ ಓಡಿಸಲು ಬರುತ್ತಿರಲಿಲ್ಲವೆಂದೂ ಅಲ್ಲ. ಎದುರಿಗೆ ಅದು ಬರುತ್ತಿತ್ತು, ಅಷ್ಟೇ. ಆ ಜೀನಿನದೂ ಹೀಗೆಯೇ. ಅಪ್ಪನ ಪ್ರತಿಯನ್ನು ಓದಲು ಕೋಶ ಈ ಕಡೆಯಿಂದ ಹೊರಡುತ್ತದೆ; ಆ ಕಡೆಯಿಂದ ಉದ್ದನೆಯ ಆರ್‌ಎನ್‌ಎ ನಕಲಾಗುತ್ತಾ ಅದೇ ದಾರಿಯಲ್ಲಿ ಎದುರಿಗೆ ಬರುತ್ತದೆ. ಈಚಿನದು ಅರ್ಧದಲ್ಲೇ ನಿಲ್ಲುತ್ತದೆ. ಅವ್ವನ ಪ್ರತಿಯಲ್ಲಿ ಈ ಟ್ರ್ಯಾಕ್ಟರು ಹೊರಡುವುದೇ ಇಲ್ಲ, ದಾರಿ ಸಲೀಸು. ಇದನ್ನು ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ: ಏರಿ, ಕೆರೆ, ಈಚೆ ನಿಂತ ಬೈಕು, ಆಚೆಯಿಂದ ಬರುವ ಕಬ್ಬಿನ ಗಾಡಿ. ಬೈಕಿನ ಪಕ್ಕ ‘ಮಾವ’ ಎಂದು ಬರೆದಿದ್ದೇನೆ, ಚಿತ್ರ ನೋಡಿದರೆ ಬೈಕೆಂದು ಗೊತ್ತಾಗುವುದಿಲ್ಲ ಎಂಬ ಅನುಮಾನದಿಂದ.

ಹಾಗಾದರೆ ಧನ್ಯಾಗೆ ಏನಾಗಿದೆ? ಅವ್ವನಿಂದ ಬರಬೇಕಾದ ಪ್ರತಿ ಬಂದಿಲ್ಲ. ಆ ಜಾಗದ ತುಣುಕೇ ಉದುರಿಹೋಗಿದೆ. ಅವ್ವ ಎಂದರೆ ನಾನು, ಮಾವ. ಕಳೆದುಹೋದದ್ದು ನನ್ನ ಕಡೆಯದು, ನಿನ್ನದಲ್ಲ. ನಿನ್ನದು ಅವಳೊಳಗೆ ಇವತ್ತಿಗೂ ಇದೆ, ಇಡಿಯಾಗಿದೆ. ರಿಪೋರ್ಟು ಓದಿದಾಗ ಮೊದಲು ನನಗೆ ಹೊಳೆದದ್ದು ಇದನ್ನು ಯಾರಿಗೂ ತೋರಿಸಬಾರದು ಎಂದು. ಎರಡು ವಾರ ರಿಪೋರ್ಟನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ, ನಿಜ ಹೇಳುತ್ತೇನೆ. ನಿನಗೆ ಅಂದ ಮಾತು ನನಗೇ ವಾಪಸ್ಸು ಬಂದಿತ್ತು. ಆಮೇಲೆ ನನ್ನ ರಕ್ತವನ್ನೂ ನೋಡಿ ಯಶಸ್ವಿನಿ ಫೋನು ಮಾಡಿದಳು. ನನ್ನಲ್ಲೂ ದೋಷವಿಲ್ಲವಂತೆ, ಮೊಟ್ಟೆ ತಯಾರಾಗುವಾಗ ಆ ಒಂದರಲ್ಲಿ ತನಗೆ ತಾನೇ ಆದದ್ದು. ಸ್ವಂತದ ಮದುವೆಯಿಂದ ಕೆಲವು ಕಾಯಿಲೆ ಹೆಚ್ಚುವುದು ನಿಜ, ಮುಂದಿನವರು ಯೋಚಿಸಲಿ, ಆದರೆ ಇದು ಅದಲ್ಲ, ನೀವು ಯಾರನ್ನು ಮದುವೆಯಾಗಿದ್ದರೂ ಇದು ಆಗಬಹುದಿತ್ತು ಎಂದಳು. ಇನ್ನೊಂದು ಮಗುವಿಗೆ ಹೀಗೇ ಆಗುವ ಸಂಭವ ನೂರರಲ್ಲಿ ಒಂದೂ ಇಲ್ಲ ಎಂದಳು. ನೀನು ಯಾವುದಕ್ಕೆ ಹೆದರಿ ರಾಮನಾಥಪುರದಲ್ಲಿ ಕೂತಿದ್ದೀಯೋ ಅದು ಇಲ್ಲ. ಅವತ್ತು ಅಜ್ಜಿಗೆ ಎಲ್ಲ ಹೇಳಿದೆ. ಅದು “ಅಂಗಾರೆ ನನ್ ಮಗುನ್ನ ಸುಮ್ ಸುಮ್ನೆ ಅಟ್ಟುಬುಟ್ರಲ್ಲೇ” ಎಂದು ಅತ್ತಿತು. ನಾನೂ ಅತ್ತೆ.

ಔಷಧಿ ಇದೆಯೇ ಎಂದು ಕೇಳುತ್ತೀಯ. ಇವತ್ತಿಗೆ ಇಲ್ಲ. ಆ ಉದ್ದನೆಯ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ಕತ್ತರಿಸಿ ಹಾಕಿಸುವ ಒಂದು ಚಿಕ್ಕ ತುಣುಕನ್ನು ಮಾಡಿದ್ದಾರೆ, ಬೆನ್ನುಮೂಳೆಯ ನೀರಿಗೆ ಸೂಜಿಯಲ್ಲಿ ಕೊಡುತ್ತಾರೆ, ಹೊರದೇಶಗಳಲ್ಲಿ ಮಕ್ಕಳ ಮೇಲೆ ಪರೀಕ್ಷೆ ನಡೆಯುತ್ತಿದೆ. ಟ್ರ್ಯಾಕ್ಟರು ನಿಂತರೆ ಅಪ್ಪನ ಗಾಡಿ ಏರಿ ದಾಟುತ್ತದೆ ಎನ್ನುವ ಲೆಕ್ಕ. ಫಲ ಕೊಡಬಹುದು, ಕೊಡದೇ ಇರಬಹುದು, ನಮ್ಮ ತನಕ ಬರುವಾಗ ಅವಳು ಎಷ್ಟು ದೊಡ್ಡವಳಾಗಿರುತ್ತಾಳೋ ಗೊತ್ತಿಲ್ಲ. ಅದನ್ನೇ ನಂಬಿ ಕೂರುವವಳಲ್ಲ ನಾನು. ಆದರೆ ಆ ಪರೀಕ್ಷೆಗಳೆಲ್ಲ ನಂಬಿಕೊಂಡಿರುವುದು ಅಪ್ಪನ ಪ್ರತಿಯನ್ನು ಎನ್ನುವುದನ್ನು ಮಾತ್ರ ನೀನು ಒಂದು ಸಲ ಯೋಚಿಸಿ ನೋಡು.

ಅಲ್ಲಿಯ ತನಕ ಮಾಡಲು ಬೇಕಾದಷ್ಟು ಕೆಲಸ ಇದೆ. ದಿನಾ ಎರಡು ಹೊತ್ತು ಕಾಲಿನ ವ್ಯಾಯಾಮ, ಹೊತ್ತಿಗೆ ಸರಿಯಾಗಿ ಮಾತ್ರೆ, ವಾರಕ್ಕೊಮ್ಮೆ ಹಾಸನದಲ್ಲಿ ಥೆರಪಿ. ಮಾತು ಬಾರದಿದ್ದರೂ ಹೇಳುವುದನ್ನು ಕಲಿಸಬಹುದಂತೆ, ಚಿತ್ರದ ಕಾರ್ಡುಗಳಿಂದ. ನೀರು, ಅನ್ನ, ನಿದ್ದೆ, ಆಟ ಎಂದು ನಾಲ್ಕು ಕಾರ್ಡು ಕೊಟ್ಟರು. ನೀರಿನ ಕಾರ್ಡನ್ನು ಒಂದೇ ವಾರದಲ್ಲಿ ಕಲಿತಳು, ನನ್ನ ಕೈಗೆ ತಂದುಕೊಟ್ಟು ನಲ್ಲಿಯ ಕಡೆ ಎಳೆಯುತ್ತಾಳೆ. ಐದನೆಯದು ನಾನೇ ಮಾಡಿದ್ದು, ನಿನ್ನ ಫೋಟೋ ರಟ್ಟಿಗೆ ಅಂಟಿಸಿ. ಅದನ್ನು ತಂದು ನನ್ನ ಕೈಗಿಟ್ಟು ಬಾಗಿಲ ಕಡೆ ಎಳೆಯುತ್ತಾಳೆ. ನೀರಿನ ಕಾರ್ಡು ಕೊಟ್ಟರೆ ನೀರು ಸಿಗಬೇಕು, ಇಲ್ಲದಿದ್ದರೆ ಕಾರ್ಡಿನ ಮೇಲಿನ ನಂಬಿಕೆಯೇ ಹೋಗುತ್ತದೆ ಎಂದು ಥೆರಪಿಯವರು ಹೇಳಿದ್ದಾರೆ. ನಿನ್ನ ಕಾರ್ಡು ಕೊಟ್ಟಾಗ ನಾನು ಏನು ಕೊಡಲಿ?

ಅಪ್ಪನಿಗೆ ನಿನ್ನೆ ಫೋನು ಮಾಡಿ ಎಲ್ಲ ಹೇಳಿದೆ. “ಸೊಂತದಲ್ ಬ್ಯಾಡ ಅಂತ ಅವತ್ತೇ ಬಡ್ಕಂಡೆ, ಈಗ್ ಅದೇನ್ ಆರೆನ್ನೋ ಪಾರೆನ್ನೋ ಅಂತಾ ಇದ್ದೀಯಾ” ಎಂದರು. ಕೂಗಾಡಲಿ ಎಂದು ಬಿಟ್ಟೆ. ಅಮ್ಮ ಫೋನು ಕಸಿದುಕೊಂಡು “ನನ್ ತಮ್ಮುನ್ ತಪ್ಪಿಲ್ವಾ ಅಂಗಾರೆ?” ಎಂದು ಎರಡೆರಡು ಸಲ ಕೇಳಿದಳು. ಭಾನುವಾರ ಅಪ್ಪ ಬಂದೇ ಬರುತ್ತಾರೆ. ಬರಲಿ, ಕೋಳಿ ಸಾರು ಮಾಡುತ್ತೇನೆ, ಉಂಡುಕೊಂಡು ಹೋಗಲಿ. ಸಹಿ ಸಿಗುವುದಿಲ್ಲ. ನೀನು ಒಪ್ಪಿದರೂ ಇಲ್ಲ, ಒಪ್ಪದಿದ್ದರೂ ಇಲ್ಲ. ನನಗೆ ಬೇರೆ ಮದುವೆ ಬೇಡ. ಬೇರೆ ಮನೆ ಬೇಡ. ನನ್ನ ತಪ್ಪನ್ನು ನಿನ್ನೆದುರು ನಿಂತು ಹೇಳಬೇಕು, ಆಮೇಲೆ ನೀನು ಬೈದರೆ ಬೈಸಿಕೊಳ್ಳಬೇಕು, ಅಷ್ಟು ಬೇಕು.

ಮೈ ಹುಷಾರು. ರಾತ್ರಿ ಬ್ಯಾರನ್ ಮುಂದೆ ಮಲಗುವಾಗ ಎದೆಗೆ ಬಟ್ಟೆ ಸುತ್ತಿಕೋ. ನಿನ್ನವ್ವ ಆಶೀರ್ವಾದ ಹೇಳಿದೆ, ಜೊತೆಗೆ ಇನ್ನೂ ನಾಲ್ಕು ಮಾತು ಹೇಳಿದೆ, ಬರೆಯುವಂಥವಲ್ಲ. ಧನ್ಯಾ ಈ ಕಾಗದದ ತುದಿಯನ್ನು ಕಚ್ಚಿದ್ದಾಳೆ, ಅದನ್ನೇ ಅವಳ ಮುತ್ತು ಎಂದುಕೋ.

ಇಂತಿ,
ನಿನ್ನ ಅಕ್ಕನ ಮಗಳೂ ಹೆಂಡತಿಯೂ ಆದ
ಶೋಭಿತಾ

ಮರೆತಿದ್ದೆ: ಶಿವರಾಜುವಿನ ಬಸ್ಸು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಚಿತ್ರದ ಹಾಳೆಯನ್ನು ತಿರುಗಿಸಿ ನೋಡು. ಏರಿ, ಕೆರೆ, ಎರಡು ಟ್ರೈಲರು ಎಲ್ಲ ಹಿಡಿಸುವಷ್ಟು ದೊಡ್ಡ ಹಾಳೆ ಮನೆಯಲ್ಲಿ ಬೇರೆ ಇರಲಿಲ್ಲ, ನೀನು ಸಹಿ ಹಾಕಿದ ಛಾಪಾ ಕಾಗದದ ಹಿಂದುಗಡೆಯೇ ಬರೆದೆ. ನನ್ನ ಸಹಿಗೆ ಬಿಟ್ಟ ಜಾಗದಲ್ಲಿ ಧನ್ಯಾ ರಾಗಿ ಗಂಜಿಯ ಕೈ ಒತ್ತಿದ್ದಾಳೆ. ನಾನು ಒರೆಸಲಿಲ್ಲ. ಶನಿವಾರ ಸಾಯಂಕಾಲದ ಬಸ್ಸಿಗೆ ನೀನು ಬಾ. ಬರದಿದ್ದರೆ ಭಾನುವಾರ ಅಪ್ಪ ಉಂಡು ಎದ್ದ ಮೇಲೆ ನಾವು ಮೂವರೂ ರಾಮನಾಥಪುರಕ್ಕೆ ಹೊರಡುತ್ತೇವೆ. ಧನ್ಯಾಗೆ ಹೊಳೆಯ ಮೀನು ತೋರಿಸಿದ ಹಾಗೂ ಆಗುತ್ತದೆ. ನಿನ್ನ ಕಾರ್ಡನ್ನು ಅವಳ ಕೈಗೇ ಕೊಟ್ಟಿರುತ್ತೇನೆ. ಅವಳು ಅದನ್ನು ತಂದು ನಿನ್ನ ಕೈಗೆ ಇಡುತ್ತಾಳೆ, ಆಗ ಏನು ಕೊಡಬೇಕೆಂದು ನೀನೇ ನೋಡಿಕೋ.